ಬಹುವಚನ

ನಾನು ಹಲ್ಲು ಮಾಡುವವಳು. ನನ್ನದಲ್ಲ, ಊರವರದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು ನನ್ನ ಕೆಲಸ. ಎಷ್ಟೋ ವರ್ಷದಿಂದ ಇದನ್ನೇ ಮಾಡಿ ಮಾಡಿ, ಮನುಷ್ಯರ ಮುಖ ನೋಡುವ ಮೊದಲು ಬಾಯಿ ನೋಡುವ ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರ ಮಾತು ಒಳಗಿನಿಂದ ಬಂತು, ಯಾರದು ಬರೀ ಹಲ್ಲಿನ ಹೊರಗಿನದು ಎಂದು ನನಗೆ ಬೇಗ ತಿಳಿಯುತ್ತದೆ. ಹಾಗೆಂದು ನಾನು ಅಂದುಕೊಂಡಿದ್ದೇನೆ. ನಾಟಕದ ಹುಚ್ಚು ಹಿಡಿದದ್ದೂ ಇದರಿಂದಲೇ ಇರಬೇಕು.

ಮೂರು ತಾಸಿನ ನಾಟಕ ನನಗೆ ಸೇರುವುದಿಲ್ಲ. ಕಿರೀಟ ಹೊತ್ತವರು ಗದ್ದುಗೆಗಾಗಿ ಗಂಟಲು ಹರಿದುಕೊಳ್ಳುವಾಗ ನನಗೆ ಆಕಳಿಕೆ ಬರುತ್ತದೆ. ನಮ್ಮ ಮನೆಯಲ್ಲಿ ಗದ್ದುಗೆ ಇಲ್ಲ. ಬಣ್ಣದ ಅಂಗಡಿಯ ಮಹಡಿಯ ಮೇಲೆ ಪ್ರತಿ ಶನಿವಾರ ಸಂಜೆ ನಡೆಯುವ ನಾಟಕಗಳ ಜಾತಿಯೇ ಬೇರೆ. ಒಂದೊಂದು ಹದಿನೈದು ನಿಮಿಷ, ಒಂದು ಸಂಜೆಗೆ ನಾಲ್ಕು. ಇರುವುದು ಒಂದು ಮೇಜು, ಎರಡು ಕುರ್ಚಿ. ಅದೇ ಮೇಜು ಒಂದರಲ್ಲಿ ಆಸ್ಪತ್ರೆಯ ಮಂಚ, ಇನ್ನೊಂದರಲ್ಲಿ ಬ್ಯಾಂಕಿನ ಕೌಂಟರು, ಮತ್ತೊಂದರಲ್ಲಿ ಅಡುಗೆಮನೆ. ಒಂದು ನಾಟಕದಲ್ಲಿ ಮುದುಕ ಮುದುಕಿ ಕನ್ನಡಕ ಹುಡುಕುತ್ತಾರೆ. ನೀನೇ ಕಳೆದದ್ದು, ಇಲ್ಲ ನೀನೇ ಕಳೆದದ್ದು ಎಂದು ಮನೆಯೆಲ್ಲ ಜಾಲಾಡುತ್ತಾರೆ. ಕನ್ನಡಕ ಮುದುಕಿಯ ಚೀಲದಲ್ಲೇ ಇದೆ, ಅದು ಅವಳಿಗೂ ಗೊತ್ತು. ಆದರೆ ಆ ವಾರ ಇಬ್ಬರೂ ಜೊತೆಯಾಗಿ ಮಾಡಿದ ಕೆಲಸ ಅದೊಂದೇ ಆದ್ದರಿಂದ ಅವಳು ಬಾಯಿ ಬಿಡುವುದಿಲ್ಲ. ಇನ್ನೊಂದರಲ್ಲಿ ಅಣ್ಣತಮ್ಮಂದಿರು ತೀರಿಕೊಂಡ ಅಪ್ಪನ ಸಾಮಾನು ಹಂಚಿಕೊಳ್ಳುತ್ತಾರೆ. ಮಂಚ, ಬೀರು ಎಲ್ಲ ನಗುನಗುತ್ತ ಹಂಚಿಕೆಯಾಗಿ, ಕಡೆಗೆ ಹರಿದ ಕೊಡೆಯೊಂದಕ್ಕೆ ಕೊರಳಪಟ್ಟಿ ಹಿಡಿಯುತ್ತಾರೆ. ಇಂಥವನ್ನು ನೋಡಿ ನಾನು ಮುಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕೆಳಗಿನ ಅಂಗಡಿಯ ಥಿನ್ನರ್ ವಾಸನೆಗೆ ಕಣ್ಣು ಉರಿಯುತ್ತಿದ್ದುದರಿಂದ ಅತ್ತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾಟಕ ಬರೆದು ಆಡಿಸುವವರು ಗಣಿತದ ಮೇಷ್ಟ್ರು. ಪರದೆಯ ಪಕ್ಕ ಕೈಯಲ್ಲಿ ವಾಚು ಹಿಡಿದು ನಿಲ್ಲುವುದರಿಂದ ಎಲ್ಲರಿಗೂ ಅವರು ಗಡಿಯಾರ ಮೇಷ್ಟ್ರು. ಹದಿನೈದು ನಿಮಿಷದ ಮೇಲೆ ಅರ್ಧ ನಿಮಿಷವಾದರೂ ಅವರ ಮುಖ ಸುಟ್ಟ ಬದನೆಕಾಯಿ. ಅವರ ತಂಡದಲ್ಲಿ ನನ್ನ ಅಣ್ಣನೂ ಅತ್ತಿಗೆಯೂ ಹಳಬರು.

ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಾನೆ. ದಿನವೆಲ್ಲ ಮೇಲೆ ಕೆಳಗೆ ಓಡಾಡುತ್ತಾನೆ, ಆದರೂ ಜೀವನದಲ್ಲಿ ಮೇಲೆ ಬರಲಿಲ್ಲ ಎಂದು ಅಮ್ಮ ಛೇಡಿಸುತ್ತಿದ್ದಳು. ಅತ್ತಿಗೆಯದು ಬಟ್ಟೆ ರಿಪೇರಿ ಅಂಗಡಿ. ಪ್ಯಾಂಟ್ ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಸೊಂಟ ಬಿಚ್ಚುವುದು. ಅವರಿಬ್ಬರ ಪರಿಚಯವಾದದ್ದು ಆ ಮಹಡಿಯ ಮೇಲೆಯೇ. ಅಣ್ಣನ ಕೋಟಿನ ಗುಂಡಿ ಕಿತ್ತುಹೋಗಿತ್ತು, ಅವನು ಅದನ್ನು ಹಾಕಿಕೊಂಡಿದ್ದ ಹಾಗೆಯೇ ಹೊಲಿಯಬೇಕಾಗಿತ್ತು. ಅಲುಗಾಡಬೇಡ, ಚುಚ್ಚಿದ್ರೆ ನಂಗೆ ಹೇಳಬೇಡ ನೀನು, ಎಂದಳಂತೆ ಆ ಅಪರಿಚಿತ ಹುಡುಗಿ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ನೀನು. ಮದುವೆಯಾಗಿ ಬಂದ ಮೇಲೂ ಅತ್ತಿಗೆ ಅದನ್ನು ಬಿಡಲಿಲ್ಲ. ಗಂಡನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಅಮ್ಮ ಒಂದಷ್ಟು ದಿನ ಪಾತ್ರೆ ಕುಕ್ಕಿದಳು. ಆಮೇಲೆ ಅವಳಿಗೇ ಅದು ಹಿತವಾಯಿತು. ಇವರಿಬ್ಬರ ನಡುವೆ ನೀವು ಅನ್ನೋ ಮಾತು ಬಂದ ದಿನ ನನ್ನನ್ನ ಕರೀರಿ, ಏನೋ ಕೆಟ್ಟಿದೆ ಅಂತ ಲೆಕ್ಕ, ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆ ದಿನ ಬಂದಾಗ ಕರೆಯಲು ಅಮ್ಮ ಇರಲಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಒಂದು ವರ್ಷಕ್ಕೂ ಹೆಚ್ಚು ಮಲಗಿದ್ದಳು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಉಣಿಸುವುದು ಎಲ್ಲ ಅತ್ತಿಗೆಯೇ. ನಾನು ಎರಡು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿದ್ದೆ, ಭಾನುವಾರ ಬಂದು ಉಗುರು ಕತ್ತರಿಸಿ ದೊಡ್ಡ ಉಪಕಾರ ಮಾಡಿದವಳಂತೆ ಹೋಗುತ್ತಿದ್ದೆ. ಒಂದು ಸಂಜೆ ಅತ್ತಿಗೆಗೆ ನಾಟಕವಿತ್ತು. ಅಮ್ಮನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಅಮ್ಮನೇ ರೇಗಿ ಕಳಿಸಿದಳಂತೆ. ನಿನ್ನ ಮುಖ ನೋಡಿ ನೋಡಿ ನಂಗೂ ಬೇಜಾರಾಗಿದೆ, ಹೋಗಿ ನಾಲ್ಕು ಜನರನ್ನ ನಗಿಸಿ ಬಾ ಎಂದಳಂತೆ. ಅಣ್ಣ ಎಲ್ಲೋ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ಬಿಡಿಸಿ ಮನೆಗೆ ಬಂದಾಗ ಅಮ್ಮನ ತಲೆ ದಿಂಬಿನಿಂದ ಜಾರಿತ್ತು. ಕೈ ತಣ್ಣಗಿತ್ತು. ಬಾಯಿ ತೆರೆದಿತ್ತು. ಅವನು ನನಗೆ ಫೋನ್ ಮಾಡಿದ. ಅತ್ತಿಗೆಗೂ ಮಾಡಿದ. ಅವಳ ಫೋನು ಪರದೆಯ ಹಿಂದೆ ಚೀಲದೊಳಗಿತ್ತು.

ನಾನು ಓಡಿಬಂದು ಅಮ್ಮನ ಗದ್ದ ಹಿಡಿದು ಬಾಯಿ ಮುಚ್ಚುತ್ತಿದ್ದೆ. ಬಾಗಿಲು ತೆರೆದದ್ದು ಕೇಳಿತು. ಅತ್ತಿಗೆ ಮುಖದ ಬಣ್ಣ ಕೂಡ ತೊಳೆಯದೆ, ಏನೋ ಗುನುಗಿಕೊಂಡು ಒಳಗೆ ಬಂದಳು. ಕೆನ್ನೆಗೆ ಕೆಂಪು, ಹುಬ್ಬಿಗೆ ಕಪ್ಪು. ಅಣ್ಣ ಅವಳನ್ನು ನೋಡಿದ.

"ಬಂದ್ರಾ?" ಎಂದ.

ಅವಳ ಹಿಂದೆ ಇನ್ಯಾರೋ ಬಂದಿದ್ದಾರೆ ಎಂದುಕೊಂಡು ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ಅಷ್ಟೇ. ಅವನು ಬೈಯಲಿಲ್ಲ, ಕೂಗಲಿಲ್ಲ, ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅಂದಿನಿಂದ ಅತ್ತಿಗೆ ಅವನಿಗೆ 'ನೀವು' ಆದಳು. ನಿಮ್ಮ ಕೊಡೆ ಇಲ್ಲಿದೆ. ನೀವು ಮಲಗಿ, ನಾನು ದೀಪ ಆರಿಸ್ತೀನಿ. ಊಟವನ್ನು ಅವಳು ಅಂಗಡಿಯಿಂದ ಬರುವ ಮೊದಲೇ ಅಡುಗೆಮನೆಯಲ್ಲಿ ನಿಂತುಕೊಂಡು ಮುಗಿಸುತ್ತಿದ್ದ, ತಟ್ಟೆ ತೊಳೆದು ಕವುಚಿ ಇಡುತ್ತಿದ್ದ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಕೂಡ ಅವನಿಗಿಂತ ಬೆಚ್ಚಗೆ ಮಾತಾಡುತ್ತಾರೆ. ನಾನೂ ಅತ್ತಿಗೆಯನ್ನು ನೀವು ಎಂದೇ ಕರೆಯುವವಳು, ಅವಳು ನನಗಿಂತ ದೊಡ್ಡವಳು. ನನ್ನ ಬಾಯಲ್ಲಿ ಅದು ಪ್ರೀತಿ. ಅದೇ ಮಾತು ಅವನ ಬಾಯಿಂದ ಬಂದರೆ ಬಾಗಿಲು ಹಾಕಿದ ಸದ್ದು. ಆದರೆ ದೂರು ಕೊಡುವುದು ಯಾರಿಗೆ? ನನ್ನ ಗಂಡ ನನಗೆ ಮರ್ಯಾದೆ ಕೊಡುತ್ತಾನೆ ಎಂದು ಅತ್ತು ಹೇಳಿಕೊಂಡರೆ ಕೇಳಿದವರು ಬಿದ್ದು ಬಿದ್ದು ನಕ್ಕಾರು.

ಅಮ್ಮನೇ ಕಳಿಸಿದ್ದು ಎಂದು ಅವನಿಗೆ ಹೇಳಬಾರದೇ ಎಂದು ನಾನು ಅತ್ತಿಗೆಗೆ ಹೇಳಿದೆ. ಸತ್ತವರ ತಲೆಗೆ ಕಟ್ಟಿ ನಾನು ಬಚಾವಾಗಲಾ ಎಂದಳು. ನಾನೇ ಹೇಳಲು ಹೊರಟರೆ ತನ್ನ ಮೇಲೆ ಆಣೆ ಎಂದಳು. ಆ ಮನೆಯಲ್ಲಿ ಮಾತೆಲ್ಲ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಲ್ಯಾಬಿನಲ್ಲಿ ಕೂತು ಯಾರದೋ ಬಾಚಿಹಲ್ಲನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜುತ್ತಿದ್ದೆ.

ಹೀಗಿರುವಾಗ ಗಡಿಯಾರ ಮೇಷ್ಟ್ರು ಹೊಸ ನಾಟಕ ಬರೆದರು. ಹೆಸರು 'ಉಂಡು ಮಲಗುವ ತನಕ'. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೇ ಹಿಡಿದು ಎಳೆದಿದ್ದರು. ಬೆಳಗ್ಗೆ ನಲ್ಲಿ ಬಿಟ್ಟು ಹೋದದ್ದು ಯಾರು ಎಂದು ಜಗಳವಾಗಿರುತ್ತದೆ. ಗಂಡ ತಡವಾಗಿ ಮನೆಗೆ ಬರುತ್ತಾನೆ. ಹೆಂಡತಿ ಎರಡು ತಟ್ಟೆ ಇಟ್ಟು, ಒಂದರ ಮೇಲೆ ಮುಚ್ಚಳ ಮುಚ್ಚಿ, ಕುರ್ಚಿಯಲ್ಲಿ ಕಾದು ಕೂತಿರುತ್ತಾಳೆ. ಇಬ್ಬರೂ ತಪ್ಪಾಯಿತು ಎನ್ನುವುದಿಲ್ಲ. ನಲ್ಲಿಯ ವಾಷರು, ನೀರಿನ ಬಕೆಟ್ಟು, ಪಕ್ಕದ ಮನೆಯ ನಾಯಿ ಎಂದು ಸುತ್ತಿ ಸುತ್ತಿ ಮಾತಾಡಿ, ಕೊನೆಗೆ ಅವನು ನೀನು ಊಟ ಮಾಡಿದ್ಯಾ ಎಂದು ಕೇಳುತ್ತಾನೆ. ನಿನ್ನ ಬಿಟ್ಟು ಯಾವತ್ತು ಮಾಡಿದ್ದೀನಿ ಎಂದು ಅವಳು. ಅವನು ಮುಚ್ಚಳ ತೆಗೆಯುತ್ತಾನೆ. ದೀಪ ಆರುತ್ತದೆ. ತಂಡದಲ್ಲೇ ಅನ್ಯೋನ್ಯ ದಂಪತಿ ಎಂದರೆ ನೀವಿಬ್ಬರೇ, ನಿಮಗಾಗಿಯೇ ಬರೆದದ್ದು ಎಂದು ಮೇಷ್ಟ್ರು ಅಣ್ಣ ಅತ್ತಿಗೆಯ ಕೈಗೆ ಹಾಳೆಗಳನ್ನಿಟ್ಟರು.

ಬೇಡವೆಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅಣ್ಣ ಅದಕ್ಕೇ ಒಪ್ಪಿದ. ಅತ್ತಿಗೆ ಒಪ್ಪಿದ ಕಾರಣ ಬೇರೆ. ಮರುದಿನ ಅವಳ ಅಂಗಡಿಗೆ ಹೋಗಿದ್ದೆ. ಯಾರದೋ ಪ್ಯಾಂಟಿನ ತುದಿ ಬಿಚ್ಚುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಪುಟ್ಟಿ, ಅದ್ರಲ್ಲಿ ಅವನಿಗೆ ಎಷ್ಟು ಕಡೆ ನೀನು ಅಂತ ಇದೆ ಗೊತ್ತಾ?" ಎಂದಳು. "ಬರೆದಿರೋದನ್ನಾದ್ರೂ ಹೇಳಲೇಬೇಕಲ್ಲ."

ನಲವತ್ತು ದಾಟಿದ ನನ್ನನ್ನು ಆ ಮನೆಯವರೆಲ್ಲ ಇನ್ನೂ ಪುಟ್ಟಿ ಎಂದೇ ಕರೆಯುತ್ತಾರೆ. ಅಂಥ ಹಸಿವನ್ನು ನಾನು ಯಾರ ಬಾಯಲ್ಲೂ ನೋಡಿರಲಿಲ್ಲ.

ತಾಲೀಮಿನಲ್ಲಿ ಅಣ್ಣ ನೀನು, ನಿನಗೆ, ನಿನ್ನಿಂದ ಎಂದು ಬರೆದದ್ದನ್ನೆಲ್ಲ ಸ್ಕ್ರೂ ತಿರುಗಿಸಿದ ಹಾಗೆ ಹೇಳಿ ಮುಗಿಸುತ್ತಿದ್ದ. ಅತ್ತಿಗೆ ಅದನ್ನು ಕೇಳುತ್ತ ತನ್ನ ಮಾತು ಮರೆಯುತ್ತಿದ್ದಳು. ತಾಲೀಮು ಮುಗಿದು ಬೀದಿಗೆ ಇಳಿದ ಕೂಡಲೇ ಅವನು ನೀವು ಮುಂದೆ ಹೋಗಿ, ನನಗೆ ಕೆಲಸ ಇದೆ ಎನ್ನುತ್ತಿದ್ದ. ಆದರೂ ಅತ್ತಿಗೆ ಆ ದಿನಗಳಲ್ಲಿ ಸ್ವಲ್ಪ ಗೆಲುವಾಗಿದ್ದಳು. ಹೊಟ್ಟೆ ತುಂಬದಿದ್ದರೂ ಬಾಯಿ ರುಚಿಯಾದರೂ ಸಿಕ್ಕಿತಲ್ಲ ಎಂದು ನಾನೂ ಸುಮ್ಮನಾದೆ.

ಮೊದಲ ಪ್ರದರ್ಶನದ ದಿನ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅತ್ತಿಗೆ ಮೇಜಿನ ಮುಂದೆ ಕೂತ ರೀತಿಗೇ ಅರ್ಧ ಸಭೆ ಕರಗಿಹೋಯಿತು. ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಣ್ಣ ಬಂದ, ಚಪ್ಪಲಿ ಬಿಟ್ಟ, ನಲ್ಲಿಯ ಮಾತು, ಬಕೆಟ್ಟಿನ ಮಾತು ಎಲ್ಲ ಸರಿಯಾಗಿಯೇ ಆಯಿತು. ಕೊನೆಯ ಮಾತಿಗೆ ಅವನು ಅವಳ ಕಡೆ ತಿರುಗಿದ. ಅವಳು ಮುಖ ಎತ್ತಿದಳು. ಎಂಟು ತಿಂಗಳ ಅಭ್ಯಾಸ ಅವನ ನಾಲಿಗೆಯನ್ನು ಎಳೆದುಕೊಂಡು ಹೋಯಿತು.

"ನೀವು ಊಟ ಮಾಡಿದ್ರಾ?" ಎಂದ.

ಮಹಡಿ ಬಿರಿಯುವಂತೆ ನಗು. ಹೆಂಡತಿಯ ಮೇಲಿನ ಮುನಿಸಿನಲ್ಲಿ ಗಂಡನಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಉಕ್ಕಿ ಬಂದದ್ದು ಜನರಿಗೆ ಭಾರಿ ಹಿಡಿಸಿತು. ನನ್ನ ಪಕ್ಕದಲ್ಲಿದ್ದ ಔಷಧಿ ಅಂಗಡಿಯವರು ನಕ್ಕು ನಕ್ಕು ನನ್ನ ತೊಡೆಗೇ ಹೊಡೆದರು. ನಮ್ಮ ಮನೇಲಿ ಹೀಗೇ ಕಣ್ರೀ ಎಂದರು. ನಾನು ಅತ್ತಿಗೆಯನ್ನೇ ನೋಡುತ್ತಿದ್ದೆ. ಅವಳ ಕೆಳದುಟಿ ಹಲ್ಲಿನ ನಡುವೆ ಸಿಕ್ಕಿಕೊಂಡು ಬೆಳ್ಳಗಾಗಿತ್ತು. ನಗು ನಿಂತ ಮೇಲೆ ನಿನ್ನ ಬಿಟ್ಟು ಯಾವತ್ತು ಮಾಡಿದ್ದೀನಿ ಎಂದು ಬರೆದ ಹಾಗೆಯೇ ಹೇಳಿದಳು. ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಗಡಿಯಾರ ಮೇಷ್ಟ್ರು ಅಣ್ಣನನ್ನು ಅಪ್ಪಿಕೊಂಡರು. ತಾವು ತಲೆ ಕೆರೆದುಕೊಂಡು ಬರೆದರೂ ಹೊಳೆಯದ ಮಾತು ಇವನ ಬಾಯಿಗೆ ತಾನಾಗಿ ಬಂತು ಎಂದು ಎಲ್ಲರ ಮುಂದೆ ಕೊಂಡಾಡಿದರು. ಮುಂದಿನ ವಾರದಿಂದ ಗಂಡನ ಮಾತೆಲ್ಲ ಬಹುವಚನದಲ್ಲೇ ಇರಲಿ ಎಂದು ತೀರ್ಮಾನಿಸಿ, ಅಲ್ಲೇ ಪೆನ್ನು ತೆಗೆದು ಒಂದೊಂದಾಗಿ ತಿದ್ದಿದರು. ಅತ್ತಿಗೆ ಪಕ್ಕದಲ್ಲೇ ನಿಂತು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಅವಳ ಪಾಲಿಗೆ ಉಳಿದಿದ್ದ ನೀನುಗಳೆಲ್ಲ ಅವಳ ಕಣ್ಣ ಮುಂದೆಯೇ ಹೋದವು.

ನಾನು ಮೇಷ್ಟ್ರ ಜೊತೆ ಜಗಳಕ್ಕೆ ನಿಂತೆ. ನಾಟಕ ಕೆಟ್ಟಿತು ಎಂದೆ, ಅಗ್ಗದ ನಗುವಿಗೆ ಬೆಲೆಬಾಳುವ ಮಾತನ್ನು ಮಾರಿದಿರಿ ಎಂದೆ, ನಿಮಗೆ ಲೆಕ್ಕ ಬರುತ್ತದೆಯೇ ಹೊರತು ಮನುಷ್ಯರು ತಿಳಿಯುವುದಿಲ್ಲ ಎಂದೂ ಅಂದುಬಿಟ್ಟೆ. ಒಂದು ಅಕ್ಷರಕ್ಕೆ ಇಷ್ಟು ರಂಪವೇ ಎಂದು ಅವರು ಕಕ್ಕಾಬಿಕ್ಕಿಯಾದರು. ನಿಜವಾದ ಕಾರಣ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ದೂರದಿಂದಲೇ ತಲೆ ಅಲ್ಲಾಡಿಸಿದಳು.

ನಾಟಕ ವಾರ ವಾರ ನಡೆಯಿತು. ಜನ ಮತ್ತೆ ಮತ್ತೆ ಬಂದರು. ಬೀದಿಯಲ್ಲಿ ಎದುರಾದವರು ಅತ್ತಿಗೆಯನ್ನು ನಿಲ್ಲಿಸಿ ನೀವು ಊಟ ಮಾಡಿದ್ರಾ ಎಂದು ಕೇಳಿ ನಗುತ್ತಿದ್ದರು. ಜಿಪ್ ಹಾಕಿಸಲು ಬಂದವರು ಚೌಕಾಸಿಯ ಬದಲು ಅದನ್ನೇ ಆಡುತ್ತಿದ್ದರು. ಅವಳು ನಕ್ಕು, ಹ್ಞೂಂ ಆಯ್ತು ಎನ್ನುತ್ತಿದ್ದಳು. ನಾನು ಅದೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಆದರೆ ಈಗ ನಗು ಬರುತ್ತಿರಲಿಲ್ಲ. ಆ ಕನ್ನಡಕದ ಮುದುಕಿ, ಆ ಕೊಡೆಯ ಅಣ್ಣತಮ್ಮ, ಅವರೆಲ್ಲ ಯಾರ ಮನೆಯವರು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಾನು ಹೊಟ್ಟೆ ಹಿಡಿದು ನಕ್ಕ ಸಂಜೆಗಳಲ್ಲಿ ಹಿಂದಿನ ಸಾಲಿನಲ್ಲಿ ಎಷ್ಟು ಜನ ತುಟಿ ಕಚ್ಚಿ ಕೂತಿದ್ದರೋ ಎಂದು ಈಗ ಹೆದರಿಕೆಯಾಗತೊಡಗಿತು.

ಕೊನೆಗೆ ತಡೆಯಲಾರದೆ ಅಣ್ಣನ ಕೆಲಸದ ಜಾಗಕ್ಕೇ ಹೋದೆ. ಹನ್ನೊಂದು ಮಹಡಿಯ ಕಟ್ಟಡ. ಲಿಫ್ಟ್ ರಿಪೇರಿ ನಡೆಯುತ್ತಿದ್ದುದರಿಂದ, ಲಿಫ್ಟ್ ರಿಪೇರಿಯವನನ್ನು ನೋಡಲು ಮೆಟ್ಟಿಲು ಹತ್ತಬೇಕಾಯಿತು. ಏದುಸಿರು ಬಿಡುತ್ತ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋದಾಗ ಅವನು ದೊಡ್ಡ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಗ್ಗದ ತಂತಿಗಳನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ. ಉಕ್ಕಿನ ಹಗ್ಗದಲ್ಲಿ ಒಂದು ಎಳೆ ಕಿತ್ತರೂ ಕೈಗೆ ಚುಚ್ಚುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಅವನು ಹಿಂದೊಮ್ಮೆ ಹೇಳಿದ್ದ. ನಾನು ಬಂದ ವಿಷಯ ಹೇಳಿದೆ. ಅವನು ಗ್ರೀಸ್ ಒರೆಸಿಕೊಂಡ.

"ಬೈದಿದ್ರೆ ತಪ್ಪು ಅಂತಿದ್ದೆ. ಮರ್ಯಾದೆ ಕೊಟ್ರೆ ಏನು ತಪ್ಪು?" ಎಂದ.

"ನನ್ನ ಹತ್ರ ಈ ನಾಟಕ ಬೇಡ ಅಣ್ಣ," ಎಂದೆ.

ಅವನು ಮತ್ತೆ ಚಕ್ರದ ಕಡೆ ತಿರುಗಿದ. ಕೆಳಗಿನ ಯಾವುದೋ ಮಹಡಿಯಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೇಸತ್ತು ಬಾಗಿಲು ಬಡಿಯುತ್ತಿದ್ದರು.

"ನೀನು ಅಂತ ಶುರು ಮಾಡಿದ್ರೆ ಅಷ್ಟಕ್ಕೇ ನಿಲ್ಲಲ್ಲ ಪುಟ್ಟಿ," ಎಂದ. "ನೀನು ಅವತ್ತು ಎಲ್ಲಿದ್ದೆ ಅಂತ ಬಂದುಬಿಡುತ್ತೆ. ತಡ್ಕೊಂಡಿದ್ದೀನಿ. ಅದನ್ನ ಕೇಳಿದ ಮೇಲೆ ಅವಳು ನನ್ನ ಜೊತೆ ಇರ್ತಾಳಾ?"

ಬೈಯಲು ಹತ್ತಿದ್ದ ಹನ್ನೊಂದು ಮಹಡಿಯ ಸಿಟ್ಟೆಲ್ಲ ಇಳಿದುಹೋಯಿತು. ಇವನೂ ಬಾಯಿಯೊಳಗೆ ಏನನ್ನೋ ಇಟ್ಟುಕೊಂಡು ತುಟಿ ಬಿಗಿದವನೇ. ಅವಳು ನಿನ್ನ ಬಾಯಿಂದ ಒಂದು ನೀನು ಕೇಳಲು ಕಾಯುತ್ತಿದ್ದಾಳೆ ಎಂದಷ್ಟೇ ಹೇಳಿ ಇಳಿದು ಬಂದೆ. ಆಣೆ ಇದ್ದುದರಿಂದ ಉಳಿದದ್ದನ್ನು ಹೇಳಲಿಲ್ಲ.

ಮುಂದಿನ ಶನಿವಾರ ನಾಟಕದ ಕೊನೆಯ ಪ್ರದರ್ಶನ. ಅದರ ಹಿಂದಿನ ಸಂಜೆ ಅತ್ತಿಗೆ ನನ್ನ ಕೋಣೆಗೆ ಬಂದು ಒಂದು ಚೀಲ ಇಟ್ಟು ಹೋದಳು. ಬಟ್ಟೆಗಳು. ನಾಟಕ ಮುಗಿದ ಮೇಲೆ ತನ್ನ ಅಕ್ಕನ ಊರಿಗೆ ಹೋಗುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದು ಕೇಳಿದೆ.

"ಅತಿಥಿ ಹಾಗೆ ಎಷ್ಟು ದಿನ ಇರೋದು ಪುಟ್ಟಿ?" ಎಂದಳು. "ಅತಿಥಿಗಳು ಹೋದ ಮೇಲೆ ಅವರಾಗಿ ವಾಪಸ್ ಬರಲ್ಲ. ಯಾರಾದ್ರೂ ಕರೀಬೇಕು."

ಶನಿವಾರ ಸಂಜೆ ನಾನು ಆ ಚೀಲವನ್ನು ನನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಕೊನೆಯ ದಿನವೆಂದು ಮಹಡಿ ಕಿಕ್ಕಿರಿದಿತ್ತು. ಅರ್ಧದಷ್ಟು ಜನ ಮೊದಲೇ ನೋಡಿದವರು, ಮಾತುಗಳೆಲ್ಲ ಅವರಿಗೆ ಬಾಯಿಪಾಠ. ಅತ್ತಿಗೆ ಎರಡು ತಟ್ಟೆ ಇಟ್ಟಳು, ಒಂದಕ್ಕೆ ಮುಚ್ಚಳ ಮುಚ್ಚಿದಳು, ಕೂತಳು. ಅಣ್ಣ ಬಂದ. ವಾಷರು ಆಯಿತು, ಬಕೆಟ್ಟು ಆಯಿತು, ನಾಯಿ ಆಯಿತು. ಪ್ರತಿ ನೀವುಗೂ ನಗು. ಕೊನೆಯ ಮಾತು ಬಂತು. ಸಭೆ ನಗಲು ಬಾಯಿ ತೆರೆದು ಕಾಯುತ್ತಿತ್ತು. ಅಣ್ಣ ತಿರುಗಿದ.

"ನೀನು," ಎಂದ. ಅಲ್ಲೇ ನಿಂತ.

ಮಾತು ಮರೆತ ಎಂದುಕೊಂಡರು ಜನ. ಹಿಂದಿನಿಂದ ಯಾರೋ ನೀವು, ನೀವು ಎಂದು ಹೇಳಿಕೊಟ್ಟರು. ಇನ್ನೊಂದಷ್ಟು ಜನ ದನಿಗೂಡಿಸಿದರು. ಔಷಧಿ ಅಂಗಡಿಯವರಂತೂ ಪೂರ್ತಿ ವಾಕ್ಯವನ್ನೇ ಹಾಡಿನಂತೆ ಹೇಳಿದರು. ಅಣ್ಣನಿಗೆ ಅದು ಯಾವುದೂ ಕೇಳಿಸಿದಂತಿರಲಿಲ್ಲ. ಅವನ ದವಡೆ ನಡುಗುತ್ತಿತ್ತು. ಇದು ಹಲ್ಲಿನ ಹೊರಗಿನ ಮಾತಲ್ಲ ಎಂದು ನನಗೆ ತಿಳಿದುಹೋಯಿತು, ಎದ್ದು ಓಡಿಹೋಗಿ ಅವನ ಬಾಯಿ ಮುಚ್ಚಬೇಕು ಅನ್ನಿಸಿತು.

"ನೀನು ಅವತ್ತು ಎಲ್ಲಿದ್ದೆ?" ಎಂದ.

ಒಬ್ಬಿಬ್ಬರು ನಕ್ಕರು. ಹೊಸ ತಮಾಷೆ ಎಂದುಕೊಂಡಿರಬೇಕು. ಅತ್ತಿಗೆ ಎದ್ದು ನಿಲ್ಲಲಿಲ್ಲ, ಅಳಲಿಲ್ಲ. ಕೂತ ಕುರ್ಚಿಯ ಎರಡೂ ಕೈ ಹಿಡಿದುಕೊಂಡಳು.

"ಇಲ್ಲೇ ಇದ್ದೆ," ಎಂದಳು. "ಇದೇ ಕುರ್ಚಿ ಮೇಲೆ. ನಗೋ ಪಾತ್ರ ಇತ್ತು. ನಗ್ತಾ ಇದ್ದೆ."

ಈ ಸಲ ಯಾರೂ ನಗಲಿಲ್ಲ. ಅಮ್ಮ ಕಳಿಸಿದ್ದು ಎಂದು ಹೇಳಿಬಿಡು ಮಹರಾಯ್ತಿ, ಹೇಳಿಬಿಡು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಅವಳು ಹೇಳಲಿಲ್ಲ. ಅಣ್ಣ ಎದುರಿನ ಕುರ್ಚಿಯಲ್ಲಿ ಕುಸಿದ. ಇಬ್ಬರ ನಡುವೆ ಖಾಲಿ ತಟ್ಟೆಗಳು. ಬರೆದದ್ದರಲ್ಲಿ ಇದು ಯಾವುದೂ ಇರಲಿಲ್ಲ. ಪರದೆಯ ಪಕ್ಕದಲ್ಲಿ ಮೇಷ್ಟ್ರು ವಾಚು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದರು. ಒಂದು ಅಕ್ಷರದ ಲೆಕ್ಕ ಅವರಿಗೆ ಆಗ ಗೊತ್ತಾಗಿರಬೇಕು. ಕೊನೆಗೆ ಅತ್ತಿಗೆಯೇ, ನಟಿಯಲ್ಲವೇ, ಬಾಕಿ ಉಳಿದಿದ್ದ ಮಾತನ್ನು ಯಾರೂ ಕೇಳದಿದ್ದರೂ ಹೇಳಿದಳು. ನಿನ್ನ ಬಿಟ್ಟು ಯಾವತ್ತು ಮಾಡಿದ್ದೀನಿ ಎಂದಳು. ದೀಪ ಆರಿತು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಇಷ್ಟು ಚೆನ್ನಾಗಿ ಅವರು ಯಾವತ್ತೂ ಆಡಿರಲಿಲ್ಲ ಎಂದು ಔಷಧಿ ಅಂಗಡಿಯವರು ಕಣ್ಣೊರೆಸಿಕೊಂಡು ಹೇಳಿದರು. ನಾನು ಅವರ ಕಡೆ ನೋಡಲಿಲ್ಲ.

ಜನವೆಲ್ಲ ಖಾಲಿಯಾದ ಮೇಲೆ ಅತ್ತಿಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಮುಖ ತೊಳೆದಿದ್ದಳು, ಕೂದಲಿನ ಅಂಚಿನಲ್ಲಿ ಬಣ್ಣ ಉಳಿದಿತ್ತು. ಇನ್ನೂ ಹೋಗಬೇಕೇ, ಅವನು ನೀನು ಅಂದನಲ್ಲ ಎಂದು ಪಿಸುಗುಟ್ಟಿದೆ.

"ಅಂದ," ಎಂದಳು. "ಆದ್ರೆ ಎಂಥ ವಾಕ್ಯದಲ್ಲಿ ಅಂದ ನೋಡು ಪುಟ್ಟಿ. ಅದನ್ನೂ ಹೊರಬೇಕಲ್ಲ ನಾನು."

ಮಹಡಿಯ ಮೆಟ್ಟಿಲಿನಲ್ಲಿ ದೀಪ ಕೆಟ್ಟಿತ್ತು. ಅಣ್ಣ ಮುಂದೆ ಇಳಿಯುತ್ತಿದ್ದ, ಹಿಂದೆ ಅತ್ತಿಗೆ, ಅವಳ ಹಿಂದೆ ನಾನು. ಅವಳ ಹೆಗಲಿನ ಚೀಲವನ್ನು ಅವನು ನೋಡಿದ್ದ, ಕೇಳಿರಲಿಲ್ಲ. ಕಡೆಯ ತಿರುವಿನಲ್ಲಿ ನಿಂತು, ಹಿಂದೆ ತಿರುಗದೆ, ಇಲ್ಲೊಂದು ಮೆಟ್ಟಿಲು ಒಡೆದಿದೆ ಎಂದ. ನೋಡ್ಕೊಂಡು ಇಳಿ ಎಂದ.

ಇಳಿ. ಇಳೀರಿ ಅಲ್ಲ. ಅತ್ತಿಗೆಯ ಕಾಲು ಅಲ್ಲೇ ನಿಂತಿತು. ಕತ್ತಲಲ್ಲಿ ಅವಳ ಉಸಿರು ಏರುಪೇರಾದದ್ದು ನನಗೆ ಕೇಳಿಸಿತು. ಅಮ್ಮ ಸತ್ತ ದಿನವೂ ಹೀಗೆ ಅಳದವಳು ಗೋಡೆ ಹಿಡಿದುಕೊಂಡು ಅತ್ತಳು. ಅಣ್ಣ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಮಾಡಿಕೊಂಡೇ ನಿಂತಿದ್ದ, ಹೋಗಲೂ ಇಲ್ಲ, ಮೇಲೆ ಹತ್ತಲೂ ಇಲ್ಲ. ಆ ಎರಡು ಮೆಟ್ಟಿಲು ಹತ್ತಿಬಿಡು ಎಂದು ಕೂಗಬೇಕೆನ್ನಿಸಿತು. ಮೆಲ್ಲಗೆ ಅವಳೇ ಸುಧಾರಿಸಿಕೊಂಡು ಇಳಿದಳು.

ಬಸ್ಸು ಹತ್ತುವ ಮೊದಲು ಅವನು ಯಾವಾಗ ಬರ್ತೀಯ ಎಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು. ಹೇಳಲೋ ಬೇಡವೋ ಎಂಬಂತೆ ನಿಂತು, ಅವತ್ತು ಅಮ್ಮನೇ ಹೋಗು ಅಂದ್ರು, ನಾನು ಒಂದ್ಸಲ ಹಿಂದೆ ತಿರುಗಿ ನೋಡಿದೆ, ನಗ್ತಾ ಇದ್ರು ಎಂದಳು. ಬೇರೆ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ. ಅವಳು ಹತ್ತಿ ಕೂತ ಮೇಲೆ ಅಣ್ಣ ಕಿಟಕಿಯ ಸರಳು ಹಿಡಿದುಕೊಂಡ. ಬಸ್ಸು ಹೊರಟಿತು.

"ಉಂಡು ಮಲಗು," ಎಂದಳು ಕಿಟಕಿಯಿಂದ.

ಇಬ್ಬರೂ ಅವನ ಮನೆಗೆ ನಡೆದು ಬಂದೆವು. ಅವನೊಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಒಳಗೆ ಹೋದೆ. ಮಧ್ಯಾಹ್ನ ಅತ್ತಿಗೆ ಮಾಡಿಟ್ಟದ್ದು ಇತ್ತು. ಬಿಸಿ ಮಾಡಿ ತಂದೆ. ಅವನು ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಾನೆ ಎಂದುಕೊಂಡಿದ್ದೆ. ಅವನು ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಎರಡಕ್ಕೂ ಬಡಿಸಿ, ಒಂದರ ಮೇಲೆ ಮುಚ್ಚಳ ಮುಚ್ಚಿ, ಬಾಗಿಲಿಗೆ ಮುಖ ಮಾಡಿ ಕೂತ. ಸಾಯಂಕಾಲ ಅತ್ತಿಗೆ ಕೂತಿದ್ದ ಹಾಗೆಯೇ ಕೂತ. ತನ್ನ ತಟ್ಟೆಗೂ ಕೈ ಹಾಕಲಿಲ್ಲ.

ನನಗೆ ಹಸಿವಾಗಿತ್ತು. ಎದುರಿನ ಕುರ್ಚಿ ಎಳೆದುಕೊಂಡು ಮುಚ್ಚಳ ತೆಗೆಯಲು ಕೈ ಚಾಚಿದೆ.

"ಅದು ನಿಂದಲ್ಲ ಪುಟ್ಟಿ," ಎಂದ ಅಣ್ಣ. "ನೀನು ಬೇರೆ ತಟ್ಟೆ ತಗೋ."

ನಾನು ಅಡುಗೆಮನೆಗೆ ಹೋಗಿ ಮೂರನೆಯ ತಟ್ಟೆ ತಂದೆ.